ಪರದೆಯ ಹಿಂದಿನ ಕುರ್ಚಿ

ಯಂತ್ರದ ಬಾಯಾಗಿ ಮಾತಾಡಲು ನನ್ನನ್ನು ಪರದೆಯ ಹಿಂದೆ ಕೂರಿಸಿದ್ದರು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೊಳ್ಳಬೇಕಾದವರು ಬೇರೆಯೇ ಇದ್ದಾರೆ.

ನಾನು ಸರ್ಕಾರದ ಆರೋಗ್ಯ ಸಹಾಯವಾಣಿಯಲ್ಲಿ ಫೋನ್ ಎತ್ತುವವಳು. ಹಳೇ ಅಂಚೆ ಕಚೇರಿಯ ಮಹಡಿಯಲ್ಲಿ ನಮ್ಮದೊಂದು ಕೋಣೆ. ಆರು ಮೇಜು, ಆರು ಹೆಂಗಸರು, ಮನಸ್ಸು ಬಂದಾಗ ಮಾತ್ರ ತಿರುಗುವ ಒಂದು ಫ್ಯಾನು. ಪಕ್ಕದ ಮೇಜಿನಲ್ಲಿ ನನ್ನ ನಾದಿನಿ. ಬೆಳಗ್ಗೆ ಮನೆಯಲ್ಲಿ ಮುಖ ಊದಿಸಿಕೊಂಡು ಹೊರಟಿದ್ದರೂ ಇಲ್ಲಿ ನಮ್ಮಿಬ್ಬರಿಗೂ ಒಂದೇ ನೀರಿನ ಬಾಟಲಿ. ಮನೆ ನಡೆಯುವುದು ನಮ್ಮಿಬ್ಬರ ದುಡಿಮೆಯಿಂದ, ಇಬ್ಬರ ದುಡಿಮೆಯೂ ಆ ಕೋಣೆಯಲ್ಲೇ. ಮಗುವಿಗೆ ಜ್ವರ, ಮುದುಕರಿಗೆ ಎದೆ ಬಿಗಿತ, ಮಾತ್ರೆ ಮರೆತು ಎರಡು ಸಲ ನುಂಗಿಬಿಟ್ಟೆ ಎಂಬ ಗಾಬರಿ, ಏನಿದ್ದರೂ ಜನ ಮೊದಲು ಫೋನ್ ಮಾಡುವುದು ನಮಗೇ.

ದೇಶಕ್ಕೊಂದು ಕೃತಕ ಬುದ್ಧಿಮತ್ತೆ ನೀತಿ ಬರುತ್ತಿದೆ ಎಂದು ರೇಡಿಯೊ ದಿನಾ ಬಡಿದುಕೊಳ್ಳುತ್ತಿತ್ತು. ಬರಲಿ, ಯಾರು ಬೇಡ ಅಂದರು? ದೊಡ್ಡ ದೇಶಗಳ ಮುಂದೆ ನಾವು ಯಾಕೆ ಕೈಕಟ್ಟಿ ನಿಲ್ಲಬೇಕು, ನಮ್ಮ ಮಾತನ್ನೂ ಯಂತ್ರ ಆಡಲಿ ಎಂದು ನಾನೇ ವಾದ ಮಾಡಿದ್ದೆ. "ಅಯ್ಯೋ ಅತ್ತಿಗೆ, ನಿಮ್ಮ ಕಿವಿಗೆ ಯಾರು ಬೇಕಾದ್ರೂ ಹೂವಿಡಬಹುದು" ಎಂದು ನಾದಿನಿ ನಕ್ಕಿದ್ದಳು.

ನೀತಿಯ ಬಿಡುಗಡೆ ಹತ್ತಿರ ಬಂದಾಗ ಯಂತ್ರದ ಯೋಜನೆಯ ನಿರ್ದೇಶಕರು ಏದುಸಿರು ಬಿಡುತ್ತಾ ನಮ್ಮ ಮಹಡಿ ಹತ್ತಿದರು. ಬಿಡುಗಡೆಯ ಸಭೆಯಲ್ಲಿ ಜನರ ಆರೋಗ್ಯದ ಪ್ರಶ್ನೆಗೆ ಉತ್ತರ ಕೊಡಬೇಕಾದ ಯಂತ್ರ ಪರಭಾಷೆಯನ್ನು ಅರಳು ಹುರಿದಂತೆ ಆಡುತ್ತಿತ್ತಂತೆ. ನಮ್ಮ ಭಾಷೆ ಬಂದರೆ ಮಾತ್ರ ಬೆಬ್ಬೆಬ್ಬೆ.

"ಅಕ್ಕ, ಒಂದರ್ಧ ಗಂಟೆ. ಪರದೆ ಹಿಂದೆ ಕೂತು ನೀವೇ ಉತ್ತರ ಹೇಳ್ಬಿಡಿ. ಹೊರಗಿನ ದೇಶದೋರು ಬರ್ತಿದ್ದಾರೆ, ದೇಶದ ಮಾನದ ಪ್ರಶ್ನೆ."

"ಮಾನದ ಚಿಂತೆ ಇದ್ದೋರು ಕೇಳೋ ಮಾತಾ ಇದು?"

"ನಿಮ್ಮ ಕೆಲಸ ಯಂತ್ರ ಕಲಿಯೋಕೆ ಇನ್ನೂ ಕಾಲ ಬೇಕು ಅಕ್ಕ. ಅಲ್ಲೀತನಕ ನಿಮ್ಮ ಕೋಣೇನ ಯಾರೂ ಮುಟ್ಟಲ್ಲ. ಆಮೇಲೆ ಅದಕ್ಕೆ ಕಲಿಸೋರೂ ನೀವೇ. ಮಾತು ಕೊಡ್ತೀನಿ."

ಕೊಟ್ಟ ಮಾತು ಅಂದರೆ ಮಾತು ಎಂದುಕೊಳ್ಳುವ ಪೆದ್ದಿ ನಾನು. ಕೋಣೆ ಉಳಿಯುತ್ತದಲ್ಲ ಎಂದು ಹೂಂ ಅಂದೆ.

ಸಭಾಂಗಣದಲ್ಲಿ ವೇದಿಕೆಯ ಮೇಲೆ ಆಳೆತ್ತರದ ಪರದೆ, ಅದರ ಮೇಲೆ ಮಿನುಗುವ ನೀಲಿ ಮುಖ, ಪಕ್ಕದಲ್ಲಿ ನೀತಿ ಬಿಡುಗಡೆಗೆ ಬಂದ ಮಂತ್ರಿಗಳು. ಪರದೆಯ ಹಿಂದೆ ಕಾಲು ಅಲ್ಲಾಡುವ ಕುರ್ಚಿಯಲ್ಲಿ ನಾನು, ಬಾಯಿಗೆ ಮೈಕು, ಕಿವಿಗೆ ಹೆಡ್‌ಫೋನು. "ಭಾವನೆ ಗೀವನೆ ಬೇಡ, ಚಪ್ಪಟೆಯಾಗಿ ಹೇಳಿ" ಎಂದು ಪಕ್ಕದಲ್ಲಿ ನಿಂತ ನಿರ್ದೇಶಕರು ಪಿಸುಗುಟ್ಟಿದರು. ಪರದೆಯ ಸಂದಿಯಲ್ಲಿ ಎರಡನೇ ಸಾಲು ಕಾಣುತ್ತಿತ್ತು. ಚಪ್ಪಾಳೆ ಹೊಡೆಯಲು ನಮ್ಮ ಕೋಣೆಯ ಉಳಿದ ಐವರನ್ನೂ ಕರೆತಂದು ಕೂರಿಸಿದ್ದರು.

ಮೊದಲು ಮೈಕು ಹಿಡಿದವಳು ಆ ಸಭಾಂಗಣದಲ್ಲೇ ಕಸ ಗುಡಿಸುವ ಹೆಂಗಸು. "ನನ್ನ ಮಗೂಗೆ ನಿನ್ನೆಯಿಂದ ಭೇದಿ. ಏನ್ ಮಾಡ್ಲಿ?"

ಬಾಯಿಪಾಠ ಮಾಡಿಸಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳ ದನಿ ನಡುಗುತ್ತಿತ್ತು. ನನಗೆ ಪರದೆ, ಮಂತ್ರಿ, ದೇಶ ಎಲ್ಲವೂ ಮರೆತುಹೋಯಿತು.

"ಮಗು ಎಷ್ಟು ದೊಡ್ಡದಮ್ಮ? ಉಚ್ಚೆ ಹೊಯ್ದಿದೆಯಾ? ಅಳುವಾಗ ಕಣ್ಣಲ್ಲಿ ನೀರು ಬರ್ತಿದೆಯಾ?"

"ಎದೆಹಾಲು ಕುಡಿಯೋ ಕೂಸು. ಅಜ್ಜಿ ಹತ್ರ ಬಿಟ್ಟು ಬಂದೆ. ಬೆಳಗ್ಗೆಯಿಂದ ಉಚ್ಚೇನೂ ಇಲ್ಲ, ಕಣ್ಣೀರೂ ಇಲ್ಲ."

"ಹಾಗಾದ್ರೆ ಪೊರಕೆ ಅಲ್ಲೇ ಬಿಸಾಕಿ ಓಡಮ್ಮ. ಮಗೂನ ಸೀದಾ ಆಸ್ಪತ್ರೆಗೆ ಎತ್ಕೊಂಡು ಹೋಗು. ದಾರಿಯುದ್ದಕ್ಕೂ ಹಾಲು ಕುಡಿಸ್ತಾ ಇರು. ಇಲ್ಲಿ ಯಾರು ಏನಂದ್ರೂ ನಿಲ್ಲಬೇಡ."

ಅವಳು ಓಡಿದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಾನು ಕೆಟ್ಟಿದ್ದೇ ಅಲ್ಲಿ. ನಮ್ಮ ಕೋಣೆಯಲ್ಲಿ ಕೂತವರಿಗೆ ತಿರುಗಿ ನಾಲ್ಕು ಮಾತು ಕೇಳದೆ ಉತ್ತರ ಹೇಳಲು ಬರುವುದಿಲ್ಲ. ಮಂತ್ರಿಗಳಂತೂ ಕುಣಿದಾಡುವುದೊಂದು ಬಾಕಿ. "ಕೇಳಿದ್ರಾ? ಯಂತ್ರ ತಾನೇ ವಿಚಾರಿಸ್ತು, ತಾಯಿ ಥರ! ಇನ್ನು ಕಾಯೋದು ಯಾಕೆ? ಹಳೇ ಸಹಾಯವಾಣೀನ ಈ ತಿಂಗಳೇ ಮುಚ್ತೀವಿ!"

ನಾನು ಮೈಕಿಗೆ ಕೈ ಅಡ್ಡ ಇಟ್ಟು ನಿರ್ದೇಶಕರ ತೋಳು ಹಿಡಿದೆ. "ಮಾತು ಕೊಟ್ಟಿದ್ರಲ್ಲ?"

"ಷ್! ಮಂತ್ರಿಗಳೇ ಹೇಳಿದ ಮೇಲೆ ನಾನೇನ್ ಮಾಡ್ಲಿ? ನಿಮಗೆ ಅಷ್ಟು ಚೆನ್ನಾಗಿ ಹೇಳಿ ಅಂದೋರು ಯಾರು?"

ಮೈಯೆಲ್ಲ ಉರಿದುಹೋಯಿತು. ನನ್ನ ದನಿಯಿಂದಲೇ ನನ್ನ ಕೋಣೆಗೆ ಬೀಗ ಹಾಕಿಸುತ್ತಿದ್ದಾರೆ, ತಪ್ಪೂ ನನ್ನದೇ ಅಂತೆ! ಅಷ್ಟರಲ್ಲಿ ಮಂತ್ರಿಗಳು ನೀಲಿ ಮುಖದತ್ತ ತಿರುಗಿ ತಮಾಷೆಗಿಳಿದರು. "ಏನಪ್ಪಾ, ನೀನೇ ಹೇಳು. ಆ ಹೆಂಗಸರನ್ನ ಇನ್ನು ಮನೆಗೆ ಕಳಿಸಬಹುದು ತಾನೆ?"

ಸಭೆ ನಕ್ಕಿತು. 'ಹೌದು ಅನ್ನಿ' ಎಂದು ನಿರ್ದೇಶಕರು ಕೈಮುಗಿದು ಸನ್ನೆ ಮಾಡಿದರು. ಸಂದಿಯಲ್ಲಿ ನೋಡಿದೆ. ನಾದಿನಿ ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ನನ್ನ ದನಿ ಅವಳಿಗೆ ಗೊತ್ತಿಲ್ಲವೇ? ಪರದೆಯನ್ನೇ ದಿಟ್ಟಿಸುತ್ತಿದ್ದಳು.

ಎದ್ದೆ. ಪರದೆ ಸರಿಸಿಕೊಂಡು ಬೆಳಕಿಗೆ ಬಂದೆ. ಹೆಡ್‌ಫೋನಿನ ತಂತಿ ಹಿಂದಿನಿಂದ ಜಗ್ಗಿತು, ಕಿತ್ತು ಎಸೆದು ಮಂತ್ರಿಗಳ ಮುಂದಿದ್ದ ಮೈಕಿಗೆ ಬಾಯಿಟ್ಟೆ.

"ಕಳಿಸೋಕಾಗಲ್ಲ ಸ್ವಾಮಿ."

ಮಂತ್ರಿಗಳ ನಗು ಅರ್ಧಕ್ಕೇ ನಿಂತಿತು. "ಯಾರಮ್ಮ ನೀನು?"

"ಇಷ್ಟೊತ್ತು ಚಪ್ಪಾಳೆ ಹೊಡೆದ್ರಲ್ಲ, ಆ ಯಂತ್ರ ನಾನೇ. ಅದಕ್ಕೆ ನಮ್ಮ ಮಾತು ಇನ್ನೂ ಬರಲ್ಲ. ಕಲಿಸ್ತೀವಿ ಅಂತಾನೇ ಹೇಳ್ತಿದ್ದೀವಿ. ಕಲಿಸೋರನ್ನೇ ಆಚೆ ದಬ್ಬಿದ್ರೆ ಅದು ಯಾರ ಹತ್ರ ಕಲಿಯುತ್ತೆ, ನಿಮ್ಮ ಹತ್ರಾನಾ?"

ಮೈಕು ಸತ್ತಿತು. ಯಾರೋ ಬೇಕೆಂದೇ ಬಂದ್ ಮಾಡಿಸಿದ್ದರು. ಮಾಡಿಸಲಿ, ಕಿವುಡು ಅಜ್ಜಂದಿರ ಜೊತೆ ವರ್ಷಗಟ್ಟಲೆ ಮಾತಾಡಿದ ಗಂಟಲು ನನ್ನದು.

"ಪರಿಶೀಲಿಸ್ತೀವಿ, ಈಗ ಕೆಳಗಿಳಿ" ಎಂದರು ಮಂತ್ರಿಗಳು, ಹಲ್ಲು ಕಚ್ಚಿಕೊಂಡು.

"ಮುಚ್ತೀವಿ ಅಂತ ಇಲ್ಲೇ, ಎಲ್ಲರ ಮುಂದೆ ಹೇಳಿದ್ರಿ. ಮುಚ್ಚಲ್ಲ ಅಂತಾನೂ ಇಲ್ಲೇ ಹೇಳಿ. ಹೇಳೋ ತನಕ ನಾನಂತೂ ಇಳಿಯಲ್ಲ."

ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದಾಯಿತು. ಕಾವಲಿನವರೆಂದುಕೊಂಡೆ. ನೋಡಿದರೆ ನಾದಿನಿ, ಅವಳ ಹಿಂದೆ ಉಳಿದ ನಾಲ್ವರು. "ಅತ್ತಿಗೆ, ಸ್ವಲ್ಪ ಜರುಗಿ" ಎಂದು ನನ್ನ ಪಕ್ಕ ಒತ್ತಿಕೊಂಡು ನಿಂತಳು. ಆಮೇಲೆ ಮಂತ್ರಿಗಳ ಕಡೆ ತಿರುಗಿ, ದಿನವಿಡೀ ಫೋನಿನಲ್ಲಿ ಆಡುವ ಅದೇ ದನಿಯಲ್ಲಿ, "ಹೇಳಿ ಸ್ವಾಮಿ, ಕೇಳಿಸ್ಕೋತಾ ಇದ್ದೀವಿ" ಅಂದಳು.