ನಾಲ್ಕರ ಮುಂದಿನ ಅಂಕಿ

ನೊಣವೊಂದು ಕಂಪ್ಯೂಟರ್ ತೆರೆಯ ಮೇಲಿನ ಅಂಕಿಗಳನ್ನು ತುಳಿಯುತ್ತ ಹೊರಟಿದೆ, ಮುನ್ನೂರ ತೊಂಬತ್ತಾರರ ಮೇಲೆ ಕಾಲಿಟ್ಟು, ನಾನೂರ ಎರಡನ್ನು ದಾಟಿ, ಮುನ್ನೂರ ಎಂಬತ್ತೆಂಟರ ಹತ್ತಿರ ನಿಂತು ಮುಂಗಾಲು ಉಜ್ಜಿಕೊಳ್ಳುತ್ತಿದೆ — ಈ ಎತ್ತರದಲ್ಲಿ, ಈ ಚಳಿಯಲ್ಲಿ, ಬದುಕುವ ಹಟ ನೋಡು ಇದರದು — ಡೆಲಿಯಾ ನಿಂಬೆಹುಲ್ಲಿನ ಕಷಾಯದ ಲೋಟವನ್ನು ಎಡಗೈಗೆ ದಾಟಿಸಿ ಬಲಗೈ ಬೀಸುತ್ತಾಳೆ, ಅದು ಹಾರಿ ಕಿಟಕಿಯ ಗಾಜಿಗೆ ಹೋಗಿ ಕೂರುತ್ತದೆ, ಗಾಜಿನಾಚೆ ಮೋಡ, ಮೋಡದೊಳಗೆ ಎಲ್ಲೋ ಅವ್ವ, ಈ ಸೀಮೆಯವರೆಲ್ಲ ಅವ್ವ ಎಂದೇ ಕರೆಯುವ ಜ್ವಾಲಾಮುಖಿ, ಮೂರು ದಿನದಿಂದ ಮುಖ ತೋರಿಸಿಲ್ಲ, ಮೇಲೆ ಮಳೆಯೋ ಆಲಿಕಲ್ಲೋ ಯಾರು ಕಂಡರು, ಕಳೆದ ವರ್ಷ ಉಗುಳಿದ ಬೂದಿ ಅವಳ ಹೆಗಲ ಮೇಲೆ ಇನ್ನೂ ರಾಶಿ ಬಿದ್ದಿದೆ, ಅದಕ್ಕೆ ನೀರು ಬಿದ್ದರೆ ಕೆಸರು, ಕೆಸರು ಬಂಡೆಗಳನ್ನು ಹೊತ್ತುಕೊಂಡು ಹಳ್ಳಕ್ಕೆ ಇಳಿಯುತ್ತದೆ, ಹಳ್ಳದ ಕೆಳಗೆ ಮರಳುಗುಂಡಿಯಲ್ಲಿ ತಮ್ಮ ವಿಲ್ಮರ್ ಮತ್ತು ಇನ್ನೂ ಹತ್ತು ಜನ ಸಲಿಕೆ ಹಿಡಿದು ನಿಂತಿದ್ದಾರೆ, ಅದಕ್ಕೇ ತಾನೇ ಈ ಕೋಣೆ, ಈ ಕೆಲಸ, ಹಳ್ಳದ ದಂಡೆಯಲ್ಲಿ ಹೂತಿಟ್ಟ ಯಂತ್ರ ನೆಲದ ನಡುಕವನ್ನು ಎಂಟು ಸೆಕೆಂಡಿಗೊಮ್ಮೆ ಅಳೆದು ಕಳಿಸುತ್ತದೆ, ಅವಳು ಬರೆದ ಪ್ರೋಗ್ರಾಂ ಅದನ್ನು ತೆರೆಯ ಮೇಲೆ ಸಾಲಾಗಿ ಇಳಿಸುತ್ತದೆ, ಸಾವಿರ ದಾಟಿದರೆ ಗುಂಡಿ ಖಾಲಿ ಮಾಡಿಸಬೇಕು ಎಂದು ಗೋಡೆಗೆ ಚೀಟಿ ಅಂಟಿಸಿದೆ, ಸಾವಿರವೆಲ್ಲಿ, ನಾನೂರೆಲ್ಲಿ, ಎಲ್ಲ ನೆಮ್ಮದಿ, ಒಂದು ಗುಟುಕು ಕುಡಿಯುತ್ತಾಳೆ, ನಾಲಿಗೆ ಚುರ್ರೆನ್ನುತ್ತದೆ, ಆಗ ಕೊನೆಯ ಸಾಲು ಕಣ್ಣಿಗೆ ಬೀಳುತ್ತದೆ, ಹತ್ತು ಗಂಟೆ ಐವತ್ತೆರಡು ನಿಮಿಷ, ಹದಿನಾರನೆಯ ಸೆಕೆಂಡು, ನಡುಕ 4. ಬರೀ ನಾಲ್ಕು, ಅದರ ಪಕ್ಕದಲ್ಲಿ ಕರ್ಸರ್ ಮಿಟುಕುತ್ತಿದೆ. ಇದೆಂಥ ನಾಲ್ಕು, ಅವ್ವ ಗಾಢ ನಿದ್ದೆಯಲ್ಲಿದ್ದಾಗಲೂ ಇನ್ನೂರರ ಕೆಳಗೆ ಇಳಿದವಳಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿ ಒಂದು ನಿಮಿಷವಾಗಿದೆ.

ರೇಡಿಯೊ ಕರಕರ ಎನ್ನುತ್ತದೆ, ಮಗಳೇ, ಇದೀಯಾ, ಇದು ಡೋನ್ ಔಸೆನ್ಸಿಯೊ, ಬೆಟ್ಟದ ಮಗ್ಗುಲಲ್ಲಿ ಆಲೂಗಡ್ಡೆ ಬೆಳೆಯುವ ಮುದುಕ, ಇಪ್ಪತ್ತು ವರ್ಷದಿಂದ ಅವ್ವನ ಮೇಲೆ ಕಣ್ಣಿಟ್ಟಿರುವ ಸಂಬಳವಿಲ್ಲದ ಕಾವಲುಗಾರ, ಹೊದ್ದ ಪೋಂಚೊ ಕಂಬಳಿಯ ಒಳಗೆ ರೇಡಿಯೊವನ್ನು ಕೋಳಿಮರಿಯ ಹಾಗೆ ಅವುಚಿಕೊಂಡು ತಿರುಗುತ್ತಾನೆ, ಇದೀನಿ ಹೇಳಿ ಡೋನ್ ಔಸೆನ್ಸಿಯೊ, ಏನಿಲ್ಲಮ್ಮ, ಹಳ್ಳದ ಕಡೆಯಿಂದ ಏನೋ ಕೇಳಿಸ್ತಿದೆ, ಕಲ್ಲು ಕಲ್ಲು ಮಾತಾಡ್ದಂಗೆ, ಆಗ್ಲೇ ಹತ್ತು ನಿಮಿಷದಿಂದ, ಮೋಡ ಅಡ್ಡ ಇದೆ, ಕಾಣಲ್ಲ, ನಿನ್ ಯಂತ್ರ ಏನನ್ನುತ್ತೆ. ಯಂತ್ರ, ಯಂತ್ರ ನಾಲ್ಕು ಎನ್ನುತ್ತದೆ ಎಂದು ಹೇಳಲು ಅವಳಿಗೆ ಬಾಯಿ ಬರುವುದಿಲ್ಲ, ನಿಮಗೇನನ್ಸುತ್ತೆ ಎಂದು ಕೇಳುತ್ತಾಳೆ, ಮುದುಕ ನಗುತ್ತಾನೆ, ನಂಗೇನು ಅನ್ಸೋದು, ಎಪ್ಪತ್ತೆರಡಾಯ್ತು, ಸುಮ್ನೆ ಕೂತ್ರೂ ಕಿವೀಲಿ ಗುಂಯ್ ಅನ್ನುತ್ತೆ, ನೀನು ಓದಿರೋಳು, ನೋಡಿ ಹೇಳು, ನಾನು ಕಾಯ್ತೀನಿ. ಕಾಯುತ್ತಾನಂತೆ. ತೆರೆಯ ಮೇಲೆ ಒಂಬತ್ತು ನಿಮಿಷದಿಂದ ಒಂದು ಸಾಲೂ ಹೊಸದಾಗಿ ಬಂದಿಲ್ಲ, ಎಂಟು ಸೆಕೆಂಡಿಗೊಂದು ಬರಬೇಕಾದದ್ದು.

ಯಂತ್ರ ಕೆಟ್ಟಿಲ್ಲ, ರಿಸೀವರಿನ ಹಸಿರು ದೀಪ ಎಂಟು ಸೆಕೆಂಡಿಗೊಮ್ಮೆ ಹತ್ತಿ ಆರುತ್ತಿದೆ, ಅಂಕಿ ಬರುತ್ತಿದೆ, ಕಂಪ್ಯೂಟರಿನ ಒಳಗೂ ಹೋಗುತ್ತಿದೆ, ಹೋದದ್ದು ಎಲ್ಲಿ ಕೂತಿದೆ — ಕೂತಿದೆ ಎಂದುಕೊಂಡೊಡನೆ ನೆನಪಾಗುತ್ತದೆ, ಬೆಳಗ್ಗೆ ರಾಜಧಾನಿಯಿಂದ ಇಂಜಿನಿಯರ್ ಪಾಸ್ಮಿನ್ಯೊ ಫೋನು, ಡೆಲಿಯಾ, ತೆರೆ ಮೇಲೆ ಬಂದಿದ್ದೆಲ್ಲ ಹಂಗೇ ಹೋಗ್ಬಿಡುತ್ತೆ, ಒಂದು ನಕಲು ಇಡಮ್ಮ, ಅದೇನು ಮಹಾ ಸರ್ ಎಂದು ಹತ್ತೂ ಮೂವತ್ತನಾಲ್ಕಕ್ಕೆ ತನ್ನ ಪ್ರೋಗ್ರಾಮಿಗೂ ತೆರೆಗೂ ನಡುವೆ ನಕಲು ಬರೆಯುವ ಒಂದು ಪುಟ್ಟ ಪ್ರೋಗ್ರಾಂ ಕೂರಿಸಿದವಳು ಇವಳೇ, ಕೂರಿಸಿ, ಓಡುತ್ತದೋ ಇಲ್ಲವೋ ಎಂದು ಒಂದು ನಿಮಿಷ ನಿಂತು ನೋಡದೆ ಸೋಲಾರ್ ಹಲಗೆಯ ಬೂದಿ ಒರೆಸಲು ಮಾಳಿಗೆ ಹತ್ತಿದವಳೂ ಇವಳೇ, ಇಳಿದು ಬಂದಾಗ ತೆರೆ ತುಂಬ ಸಾಲುಗಳಿದ್ದವು, ನಾನೂರರ ಆಸುಪಾಸು, ಭೇಷ್ ಎಂದುಕೊಂಡು ಕಷಾಯಕ್ಕೆ ನೀರಿಟ್ಟಳು. ಅವಳ ಪ್ರೋಗ್ರಾಂ ಅಂಕಿಗಳನ್ನು ಹೊರಗೆ ಬರೆಯಲು ತೊಡಗುವ ಮೊದಲು ತನ್ನಷ್ಟಕ್ಕೆ ಒಂದೇ ಒಂದು ಮಾತು ಕೇಳಿಕೊಳ್ಳುತ್ತದೆ, ಆ ತುದಿಯಲ್ಲಿ ತೆರೆ ಇದೆಯೋ ಇಲ್ಲವೋ, ತೆರೆ ಇದ್ದರೆ ಮನುಷ್ಯನಿದ್ದಾನೆ, ಮನುಷ್ಯನನ್ನು ಕಾಯಿಸಬಾರದು, ಸಾಲು ಮುಗಿಯುತ್ತಲೇ ಕೊಟ್ಟುಬಿಡು, ಅಲ್ಲಿರುವುದು ಇನ್ನೊಂದು ಪ್ರೋಗ್ರಾಮಾದರೆ ಅದಕ್ಕೇನು ಅವಸರ, ನಾಲ್ಕು ಸಾವಿರದ ತೊಂಬತ್ತಾರು ಅಕ್ಷರ ಕೂಡುವವರೆಗೆ ಹಿಡಿದಿಟ್ಟುಕೊಂಡು ಒಂದೇ ಸಲಕ್ಕೆ ತಳ್ಳು — ಕಾಲೇಜಿನಲ್ಲಿ ಇದನ್ನು ಓದಿದ ದಿನ ಅವಳಿಗೆ ಮೈ ಜುಮ್ಮೆಂದಿತ್ತು, ಈಗಲೂ, ಈ ಹೊತ್ತಿನಲ್ಲೂ ಜುಮ್ಮೆನ್ನುತ್ತದೆ, ಇವಳು ಹುಟ್ಟುವುದಕ್ಕೂ ಎಷ್ಟೋ ಮೊದಲು ಯಾರೋ ಒಬ್ಬ ಕೂತು ಕಣ್ಣಿಲ್ಲದ ಯಂತ್ರಕ್ಕೆ ಎದುರಿಗಿರುವವರು ಯಾರೆಂದು ಕೇಳುವ ಮರ್ಯಾದೆ ಕಲಿಸಿದ್ದಾನಲ್ಲ, ಎಂಥ ಮನಸ್ಸಿರಬೇಕು ಅವನದು, ಆದರೆ ನಡುವೆ ಕೂತ ಆ ನಕಲುಗಾರನ ಬೆನ್ನ ಹಿಂದೆ ಲೋಟ ಹಿಡಿದು ಕೂತ ಡೆಲಿಯಾ ಅದಕ್ಕೆ ಕಾಣುವುದಿಲ್ಲ, ನೋಡುವವರಿಲ್ಲ ಎಂದೇ ಅದು ತಿಳಿದಿದೆ. ಹಿಡಿದಿಡುವುದು ತಪ್ಪೂ ಅಲ್ಲ, ಒಂದೊಂದು ಸಾಲಿಗೂ ಒಂದೊಂದು ಸಲ ಯಂತ್ರದೊಳಗಿನ ಯಜಮಾನನ ಬಾಗಿಲು ತಟ್ಟಬೇಕು, ಆ ತಟ್ಟುವುದರಲ್ಲೇ ಹೊತ್ತು ಹೋಗುತ್ತದೆ, ಹಿಂದೊಮ್ಮೆ ರಾಜಧಾನಿಯ ಕಚೇರಿಯ ಇಡೀ ವರ್ಷದ ದಾಖಲೆಯನ್ನು ಸಾಲುಸಾಲಾಗಿ ಹೊರಗೆ ಕಳಿಸಿದಾಗ ಮೂರು ಗಂಟೆ ಹಿಡಿದಿತ್ತು, ಕೂಡಿಸಿ ಕಳಿಸಿದಾಗ ಹತ್ತೇ ನಿಮಿಷ, ಆ ಭಾನುವಾರ ಊಟಕ್ಕೆ ಕೂತಾಗ ಹುರಿದ ಕುಯಿಯ, ಮನೆಯಲ್ಲೇ ಸಾಕಿದ ಗಿನಿಪಿಗ್ಗಿನ, ತೊಡೆ ಚೀಪುತ್ತಿದ್ದ ವಿಲ್ಮರನಿಗೆ ಇದನ್ನೇ ಸಂಭ್ರಮದಿಂದ ಹೇಳಿದ್ದಳು, ಅವನು ಬೆರಳು ನೆಕ್ಕಿಕೊಂಡು, ಅಷ್ಟೇನಾ ಅಕ್ಕ, ಇದಕ್ಕೆ ಯೂನಿವರ್ಸಿಟಿಗೆ ಹೋಗ್ಬೇಕಿತ್ತಾ, ನಮ್ ಲಾರಿಯವನನ್ನ ಕೇಳಿದ್ರೆ ಹೇಳ್ತಿದ್ದ, ತುಂಬೋವರೆಗೂ ಗಾಡಿ ಎಬ್ಬಿಸ್ಬಾರ್ದು ಅಂತ, ಅಮ್ಮ ಬಾಯಲ್ಲಿದ್ದ ಜೋಳ ಉಗುಳುವಷ್ಟು ನಕ್ಕಿದ್ದಳು.

ಲೆಕ್ಕ ತಾನಾಗಿಯೇ ನಡೆಯುತ್ತದೆ, ಸಾಲಿಗೆ ಸುಮಾರು ಮೂವತ್ತು ಅಕ್ಷರ, ನೂರ ಮೂವತ್ತಾರು ಸಾಲು, ಮೇಲೊಂದು ಚೂರು, ಆ ಚೂರೇ ಈ ನಾಲ್ಕು, ಅಳತೆ ತುಂಬಿದ ಕಡೆಗೆ ಕಚಕ್ಕೆಂದು ಕತ್ತರಿಸಿದೆ, ಅಂಕಿಯ ಮಧ್ಯೆಯೋ ಮಾತಿನ ಮಧ್ಯೆಯೋ ಎಂದು ನೋಡಿಲ್ಲ, ನಾಲ್ಕರ ಮುಂದೆ ಏನಿತ್ತೋ ಅದು ಒಳಗೆ ಕತ್ತಲಲ್ಲಿದೆ, ನಾನೂರ ಹನ್ನೆರಡೋ, ಬೆಳಗಿನಿಂದ ಬರುತ್ತಿರುವಂತೆ, ಅಥವಾ — ಮತ್ತೆ ತುಂಬಲು ಹದಿನೆಂಟು ನಿಮಿಷ, ಹನ್ನೊಂದೂ ಹತ್ತಕ್ಕೆ, ಈಗ ಹನ್ನೊಂದೂ ಎರಡು, ಕೆಸರು ಆ ಯಂತ್ರ ಹೂತಿಟ್ಟ ಮೇಲಿನ ಕೇಂದ್ರದಿಂದ ಗುಂಡಿಗೆ ಇಳಿಯಲು ಇಪ್ಪತ್ತೆರಡು ನಿಮಿಷ, ಇವಳೇ ನಡೆದು ಅಳೆದದ್ದು, ಅಂದರೆ ಹನ್ನೊಂದೂ ಹದಿನಾಲ್ಕು, ಗುಂಡಿಯಿಂದ ಲಾರಿ ದಾರಿ ಹತ್ತಲು ಎಂಟು ನಿಮಿಷ ಬೇಕು, ಹತ್ತರವರೆಗೆ ಕಾದರೆ ಉಳಿಯುವುದು ನಾಲ್ಕು, ಮತ್ತೆ ನಾಲ್ಕು. ಪ್ರೋಗ್ರಾಂ ನಿಲ್ಲಿಸಿಬಿಟ್ಟರೆ, ಬೆರಳು ಕೀಲಿಗಳ ಮೇಲೆ ಹೋಗಿ ನಿಲ್ಲುತ್ತದೆ, ಬೇಡ ಬೇಡ, ನಿಲ್ಲಿಸಿದರೆ ಹಿಡಿದಿಟ್ಟದ್ದೆಲ್ಲ ಒಳಗೇ ಸತ್ತುಹೋಗುತ್ತದೆ, ಅವ್ವ ಹತ್ತು ನಿಮಿಷದಿಂದ ಹೇಳಿದ್ದು ಯಾರಿಗೂ ಇಲ್ಲದಂತಾಗುತ್ತದೆ, ಹೊಸದಾಗಿ ಹಚ್ಚಿ ಮೇಲಿನ ಕೇಂದ್ರವನ್ನು ಕರೆದೆಬ್ಬಿಸಲು ಕಾಲು ಗಂಟೆ. ಇಷ್ಟು ಹತ್ತಿರ, ಈ ತಗಡಿನ ಡಬ್ಬಿಯೊಳಗೆ, ಅವಳ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಉತ್ತರ ಕೂತಿದೆ, ಬೆಟ್ಟ ಹೇಳಿಯಾಗಿದೆ, ಯಂತ್ರ ಕೇಳಿಸಿಕೊಂಡಾಗಿದೆ, ಕಾಯುತ್ತಿದೆ, ದೇವರೇ ಎಂಥ ತಾಳ್ಮೆ ಇದರದು, ಅವಳಿಗೆ ಭಯಕ್ಕಿಂತ ಮೊದಲು ಬೆರಗಾಗುತ್ತದೆ. ಸುಮ್ಮನೆ ಕರೆದುಬಿಡು ಗುಂಡಿಯವರನ್ನು, ಕರೆಯಬಹುದು, ಆದರೆ ಹೋದ ತಿಂಗಳ ಆ ಗುರುವಾರ, ಸಾವಿರದ ನಲವತ್ತು ಬಂತೆಂದು ಕೂಗಿ ಹತ್ತಿಸಿದಳು, ಅರ್ಧ ತುಂಬಿದ ಲಾರಿ ಹೊರಟುಹೋಯಿತು, ದಿನದ ಸರದಿ ಪಕ್ಕದ ಗುಂಡಿಯವರ ಪಾಲಾಯಿತು, ಹೋಗಿ ನೋಡಿದರೆ ಕೇಂದ್ರದ ಬೇಲಿಗೆ ಒಂದು ಹಸು ಮೈ ಉಜ್ಜುತ್ತಿತ್ತು, ಅಂದಿನಿಂದ ಅವಳು ಹಸುವಿನ ಇಂಜಿನಿಯರಮ್ಮ, ವಿಲ್ಮರನಿಗೆ ತಲೆಯೆತ್ತಲು ಬಿಡಲಿಲ್ಲ ಅವರು, ಅವನೇ ಬಂದು ಮುಖ ಗಂಟಿಕ್ಕಿ ಹೇಳಿದ, ಇನ್ಮೇಲೆ ಅಂಕಿ ಹೇಳು ಅಕ್ಕ, ಅಂಕಿ ಹೇಳಿದ್ರೆ ಹತ್ತುತ್ತಾರಂತೆ, ಇಲ್ದಿದ್ರೆ ಇಲ್ಲ. ಅವಳ ಕೈಯಲ್ಲಿರುವುದು ಒಂದು ಅಂಕಿಯ ತಲೆ ಮಾತ್ರ.

ಡೋನ್ ಔಸೆನ್ಸಿಯೊ, ಸದ್ದು ನಿಂತಿದೆಯಾ, ಇಲ್ಲ ಮಗಳೇ, ಜಾಸ್ತಿ ಆಗ್ತಿದೆ, ನಾಯಿ ಮಂಚದ ಕೆಳಗೆ ಹೋಗಿ ಸೇರ್ಕೊಂಡಿದೆ, ಆದ್ರೂ ನೀನು ನಿನ್ ಯಂತ್ರ ನೋಡು, ಈ ಮುದುಕ, ಈ ಮುದುಕನ ಎರಡು ಕಿವಿ, ಏನನ್ನೂ ಹಿಡಿದಿಟ್ಟುಕೊಳ್ಳದೆ ಕೇಳಿದ್ದನ್ನು ಕೇಳಿದ ಹಾಗೇ ಕೊಡುವ ಕಿವಿ, ಅದನ್ನೇ ಅವನು ನಂಬುತ್ತಿಲ್ಲ, ಅವಳ ಡಬ್ಬಿಯನ್ನು ನಂಬಿದ್ದಾನೆ — ಚಾನೆಲ್ ತಿರುಗಿಸುತ್ತಾಳೆ, ವಿಲ್ಮರ್, ವಿಲ್ಮರ್, ಹೇಳಕ್ಕ, ಏನು, ಇವತ್ತೂ ಹಸು ಬಂತಾ, ಅವನ ಹಿಂದೆ ನಗು, ಸಲಿಕೆ ಮರಳಿಗೆ ಹೋಗುವ ಸದ್ದು, ಎಲ್ರನ್ನೂ ಹತ್ತಿಸು ಈಗ್ಲೇ, ಎಷ್ಟು ಬಂತು, ಹತ್ತಿಸು ಅಂದ್ನಲ್ಲ, ಅಕ್ಕ ಎಷ್ಟು ಬಂತು ಹೇಳು, ಇವರೆಲ್ಲ ನನ್ ಮುಖ ನೋಡ್ತಿದಾರೆ. ತೆರೆಯ ಮೇಲೆ ನಾಲ್ಕು. ಅವಳು ಬದುಕಿನಲ್ಲಿ ಅಂಕಿಯ ವಿಷಯದಲ್ಲಿ ಸುಳ್ಳು ಹೇಳಿದವಳಲ್ಲ, ತನ್ನ ವಯಸ್ಸು ಹೇಳುವಾಗಲೂ ಇಲ್ಲ, ನಾಲ್ಕು ಸಾವಿರ, ಎನ್ನುತ್ತಾಳೆ, ಇಲ್ಲದ ಮೂರು ಸೊನ್ನೆಗಳನ್ನು ಬಾಯಿಂದಲೇ ಸೇರಿಸಿ, ನಾಲ್ಕು ಸಾವಿರ ಕಣೋ, ಸಲಿಕೆಯ ಸದ್ದು ನಿಲ್ಲುತ್ತದೆ, ಯಾರೋ ಏನೋ ಕೂಗುತ್ತಾನೆ, ವಿಲ್ಮರ್ ಮತ್ತೆ, ಸರಿ, ಲಾರಿಗೆ ಇನ್ನು ನಲವತ್ತು ಸಲಿಕೆ ಹಾಕಿದ್ರೆ ತುಂಬುತ್ತೆ, ತುಂಬಿಸ್ಕೊಂಡೇ ಒಟ್ಟಿಗೆ ಬರ್ತೀವಿ, ಸರದಿ ಹೋಗುತ್ತೆ ಇಲ್ದಿದ್ರೆ — ತುಂಬಿಸಿಕೊಂಡು, ತುಂಬುವವರೆಗೆ, ಎಲ್ಲರೂ ತುಂಬಲೆಂದೇ ಕಾಯುತ್ತಾರೆ ಈ ಲೋಕದಲ್ಲಿ, ಅವಳು ಎದ್ದು ನಿಂತಿದ್ದಾಳೆ, ಕಷಾಯ ಮೇಜಿನ ಮೇಲೆಲ್ಲ ಚೆಲ್ಲಿದೆ, ಅರ್ಧಾನೇ ಹೊರಡ್ಲಿ ಕಣೋ ಕತ್ತೆ, ಅರ್ಧಾನೇ ಹೊರಡ್ಲಿ, ಖಾಲಿ ಇದ್ರೂ ಹೊರಡ್ಲಿ, ಇರೋಷ್ಟನ್ನ ಎತ್ಕೊಂಡು ಹೊರಡು, ಅವಳ ದನಿ ಅವಳಿಗೇ ಗುರುತು ಸಿಗುವುದಿಲ್ಲ, ಆ ಕಡೆ ಇಂಜಿನ್ನು ಗುಡುಗುತ್ತದೆ.

ನಾನೂರ ಹನ್ನೆರಡಾಗಿದ್ದರೆ, ಇನ್ನು ಯಾವ ಅಂಕಿಯನ್ನೂ ಅವರು ನಂಬುವುದಿಲ್ಲ, ನಿಜವಾಗಿ ಬಂದ ದಿನ ನಕ್ಕುಕೊಂಡು ಮರಳು ಎತ್ತುತ್ತಿರುತ್ತಾರೆ, ವಿಲ್ಮರನೂ, ಅವಳು ತೆರೆಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ನಿಲ್ಲುತ್ತಾಳೆ, ರೇಡಿಯೊ ಕಿವಿಗೆ ಒತ್ತಿಕೊಂಡು, ಎಲ್ಲಿದೀರ, ಮೊದಲ ತಿರುವು, ಈಗ, ಎರಡನೇ ತಿರುವು, ಟೈರು ಜಾರ್ತಿದೆ ಅಕ್ಕ ಸುಮ್ನಿರು, ಈಗ, ಈಗ ವಿಲ್ಮರ್ ಈಗ, ಬಂದ್ವಿ, ರಸ್ತೆ ಮೇಲಿದೀವಿ, ಎಣಿಸು ಎನ್ನುತ್ತಾಳೆ, ಅವನು ಎಣಿಸುತ್ತಾನೆ, ಒಂಬತ್ತರಲ್ಲಿ ತಪ್ಪಿ ಮೊದಲಿನಿಂದ ಎಣಿಸುತ್ತಾನೆ, ಹನ್ನೊಂದು, ಮತ್ತು ಹನ್ನೊಂದು ಎಂದ ಬಾಯಿ ಹಾಗೇ ನಿಲ್ಲುತ್ತದೆ, ಅಕ್ಕ, ಎನ್ನುತ್ತಾನೆ, ಚಿಕ್ಕವನಿದ್ದಾಗಿನ ದನಿಯಲ್ಲಿ, ಆಮೇಲೆ ಅವನಲ್ಲ, ಅವನ ರೇಡಿಯೊದೊಳಗೆ ಬೆಟ್ಟವೇ ಮಾತಾಡುತ್ತದೆ, ಸಾವಿರ ಗಾಡಿ ಕಲ್ಲು ಸುರಿದಂಥ ಸದ್ದು, ನಿಲ್ಲುವುದೇ ಇಲ್ಲ, ಅವಳ ಕಾಲಡಿಯ ಹಲಗೆ ಸಣ್ಣಗೆ ನಡುಗುತ್ತದೆ, ಮನೆ ಗಾತ್ರದ ಬಂಡೆ ಅಕ್ಕ, ತೇಲ್ಕೊಂಡ್ ಹೋಗ್ತಿದೆ, ನಾವ್ ನಿಂತಿದ್ದ ಜಾಗ, ನಾವ್ ನಿಂತಿದ್ದ ಜಾಗ ಇಲ್ಲ, ಯಾರೋ ಅವ್ವ ಅವ್ವ ಎಂದು ಟೋಪಿ ತೆಗೆದು ನೆಲಕ್ಕೆ ಮಂಡಿಯೂರಿದ್ದಾನಂತೆ, ಅವಳಿಗೂ ಮಂಡಿಯೂರಬೇಕೆನ್ನಿಸುತ್ತದೆ, ಯಾರಿಗೆಂದು ತಿಳಿಯುವುದಿಲ್ಲ. ಬಹಳ ಹೊತ್ತಾದ ಮೇಲೆ ತಿರುಗಿ ನೋಡಿದರೆ ತೆರೆ ತುಂಬಿದೆ, ಯಾವಾಗ ಸುರಿಯಿತೋ, ಹನ್ನೊಂದೂ ಹತ್ತಕ್ಕೇ ಇರಬೇಕು, ತುಂಬಿದ ಕೂಡಲೇ, ಒಂದೇ ಉಸಿರಿಗೆ, ಕರ್ಸರು ಈಗ ಬೇರೆ ಯಾವುದೋ ಅರ್ಧ ಸಾಲಿನ ತುದಿಯಲ್ಲಿ ಕೂತಿದೆ, ಅವಳು ಬೆರಳಿನಿಂದ ಸಾಲುಗಳನ್ನು ಹಿಂದಕ್ಕೆ ಉರುಳಿಸುತ್ತ ಮೇಲೇರುತ್ತಾಳೆ, ಸಾವಿರದ ಏಳುನೂರು, ಎರಡು ಸಾವಿರದ ಮುನ್ನೂರು, ಹೊತ್ತು ಹಿಂದಕ್ಕೆ ಹೋಗುತ್ತದೆ, ಹನ್ನೊಂದೂ ಐದು, ವಿಲ್ಮರ್ ಲಾರಿ ಎಬ್ಬಿಸುತ್ತಿದ್ದಾನೆ, ಮೂರು ಸಾವಿರದ ಒಂಬೈನೂರು, ಹನ್ನೊಂದೂ ಎರಡು, ಅವಳು ಸುಳ್ಳು ಹೇಳುತ್ತಿದ್ದಾಳೆ, ಐದು ಸಾವಿರ, ಹನ್ನೊಂದೂ ಒಂದು, ನಾಲಿಗೆ ಸುಡುತ್ತಿದೆ, ಆರು ಸಾವಿರದ ಇನ್ನೂರು, ಹತ್ತೂ ಐವತ್ತೈದು, ಅವಳು ನೆಮ್ಮದಿಯಾಗಿ ನೀರಿಗೆ ಹುಲ್ಲು ಹಾಕುತ್ತಿದ್ದಾಳೆ, ಬೆಟ್ಟ ಆಗಲೇ ಹೊರಟಿದೆ, ಐವತ್ತಮೂರು, ಐವತ್ತೆರಡು, ಬೆರಳು ನಿಲ್ಲುತ್ತದೆ, ಹದಿನಾರನೆಯ ಸೆಕೆಂಡು, 4180, ನಾಲ್ಕು ಆಗ ಬಂದದ್ದು, ಉಳಿದ ಮೂರು ಈಗ, ಹದಿನೆಂಟು ನಿಮಿಷದ ಮೇಲೆ, ಹನ್ನೊಂದು ಜನ ಗುಂಡಿ ಬಿಟ್ಟು ಹೊರಟದ್ದು ಈ ನಾಲ್ಕಕ್ಕೂ ಈ ಒಂದಕ್ಕೂ ನಡುವೆ, ಅಲ್ಲಿ ಒಂದು ಕೂದಲು ಹಿಡಿಸುವಷ್ಟೂ ಜಾಗವಿಲ್ಲ, ಒಂದಕ್ಕೊಂದು ಅಂಟಿಕೊಂಡು ನಿಂತಿವೆ, ಯಾವತ್ತೂ ಕಾದೇ ಇಲ್ಲವೆಂಬಂತೆ, ನಾಲ್ಕು, ಒಂದು ಎಂಟು ಸೊನ್ನೆ, ನಾಲ್ಕು, ಒಂದು ಎಂಟು ಸೊನ್ನೆ, ನಾಲ್ಕು —