ಗಾಡಿಯ ಬೆನ್ನಿಗೊಂದು ಕಣ್ಣು

ಪರದೆ ಕಪ್ಪಗೇ ಇದೆ, ಆ ಕಪ್ಪಿನಲ್ಲಿ ತನ್ನ ಮೂಗೇ ತನಗೆ ಕಾಣುತ್ತಿದೆ, ಹಿಂದಿನದನ್ನು ತೋರಿಸು ಅಂದರೆ ಮುಂದೆ ಕೂತವನ ಮುಸುಡಿ ತೋರಿಸುವ ಕ್ಯಾಮೆರಾ, ಭೇಷ್, ತಿಪ್ಪೇಶ ಎಂಜಿನ್ ಹಚ್ಚದೆ ಬರೀ ಕೀ ತಿರುಗಿಸಿ ಮತ್ತೊಮ್ಮೆ ರಿವರ್ಸ್ ಗೇರಿಗೆ ಹಾಕಿದ — ಇಲ್ಲ, ಏನೂ ಇಲ್ಲ, ಸಂಜೆಗೆ ಕಂಪ್ಲಿಯಿಂದ ಅಕ್ಕ ಬರುತ್ತಾಳೆ, ಅಷ್ಟರಲ್ಲಿ ಇದು ಹತ್ತದಿದ್ದರೆ ಅವ್ವನನ್ನು ಕರೆದುಕೊಂಡೇ ಹೋಗುತ್ತಾಳೆ, ಅವ್ವ ಆಗಲೇ ಸೀರೆ, ಕಂಬಳಿ, ವಿಭೂತಿ ಗಟ್ಟಿ ಸಮೇತ ಗಂಟು ಕಟ್ಟಿ ಬಾಗಿಲಲ್ಲಿಟ್ಟಿದ್ದಾಳೆ, ನಿನ್ನ ಗಾಡಿಗೆ ನಾ ಅಡ್ಡ ಬ್ಯಾಡಪ, ನನಗ ಕಿವಿ ಕೇಳಲ್ಲ, ಏನರ ಹೆಚ್ಚುಕಮ್ಮಿ ಆದ್ರ ನೀ ಬದುಕೀಯೇನು, ಎಂಥ ಮಾತು, ಆದರೆ ಅವಳಿಲ್ಲದ ಮನೆಗೆ ಸಂಡೂರಿನ ಗಣಿಯಿಂದ ಕೆಂಪಾಗಿ ಬಂದು ಯಾರೆದುರು ಕೂತು ಉಣ್ಣುವುದು, ಹೋದ ವಾರ ಗಾಡಿಯ ನೆರಳಿಗೆ ಅಂತ ಹಿಂದೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು, ಹಾರ್ನ್ ಹೊಡೆದೇ ಹಿಂದಕ್ಕೆ ತೆಗೆದದ್ದು, ಹೊಡೆದರೆ ಕೇಳಬೇಕಲ್ಲ, ಚಕ್ರದಡಿ ಲಟಲಟ ಅಂತ ಮೊರ ಮುರಿಯಿತು, ಜೀವ ಬಾಯಿಗೆ ಬಂದು ಇಳಿದು ನೋಡಿದರೆ ಅವ್ವ ಒಂದು ಗೇಣು ಆಚೆ, ಮುರಿದ ಬಿದಿರಿನ ಮೇಲೆ ಮೂರು ಬೆರಳು ಆಡಿಸುತ್ತ, ಹೋಗ್ಲಿ ಬಿಡು, ಮೊರ ತಾನ — ಆ ಮೂರು ಬೆರಳು, ಶಾಲೆಗೆ ಹೊರಟಾಗ ಹಣೆ ಒಡ್ಡದೆ ಹೊಸ್ತಿಲು ದಾಟಲು ಬಿಡದ ಬೆರಳು, ತಣ್ಣಗೆ, ಒದ್ದೆಯಾಗಿ, ಮೂಗಿನ ಮೇಲೆ ವಿಭೂತಿ ಪುಡಿ ಉದುರಿ ಸೀನು ಬರುತ್ತಿತ್ತು.

ಕ್ಯಾಮೆರಾ ಕೂಡಿಸಿಕೊಟ್ಟ ಎಲೆಕ್ಟ್ರಿಷಿಯನ್ ದುರುಗಣ್ಣ ಫೋನಿನಲ್ಲಿ ಅರಚಿದ್ದ, ನಾ ಪಾಪಿನಾಯಕನಹಳ್ಳ್ಯಾಗ ಲಾರಿ ಕೆಳಗ ಅದೀನ್ರೀ, ನೀವಾ ನೋಡ್ರಿ, ರಿವರ್ಸ್ ಲೈಟಿನ ವಾಯರಿಗೆ ಕರೆಂಟ್ ಬರತೈತೇನು, ಅರ್ಥ್ ಸರಿ ಐತೇನು, ಆಯಿತು ಮಾರಾಯ, ತಿಪ್ಪೇಶ ಗಾಡಿಯ ಕೆಳಗೆ ಅಂಗಾತ ಮಲಗಿದ, ಟೆಸ್ಟ್ ಲ್ಯಾಂಪಿನ ಒಂದು ತುದಿ ಕೆಂಪು ವಾಯರಿಗೆ, ಇನ್ನೊಂದು ತುದಿ ಕರಿ ವಾಯರು ಬಿಗಿದ ಬೋಲ್ಟಿಗೆ, ಹತ್ತಲಿಲ್ಲ, ಅದೇ ತುದಿಯನ್ನು ಚಕ್ರದ ಮೇಲಿನ ಸ್ಪ್ರಿಂಗ್ ಪಾಟಾದ ಹೊಳೆಯುವ ಅಂಚಿಗೆ ತಾಗಿಸಿದರೆ ಝಗ್ ಅಂತ ಹತ್ತಿತು, ಅಂದರೆ ಕರೆಂಟು ಬರುತ್ತಿದೆ, ಅರ್ಥೇ ಸಿಗುತ್ತಿಲ್ಲ, ಬೋಲ್ಟಿನ ಸುತ್ತ ನೋಡುತ್ತಾನೆ, ಕೆಂಪು, ಬರೀ ಕೆಂಪು, ಪ್ರತಿ ಆಯುಧಪೂಜೆಗೆ ಅದಿರಿನ ಧೂಳು ಕಾಣಬಾರದೆಂದು ಧೂಳಿನದೇ ಬಣ್ಣದ ರೆಡ್ ಆಕ್ಸೈಡ್ ಬಳಿದವನು ಯಾರು, ತಾನೇ, ಗಣಿಗೆ ಹೋಗುವ ಗಾಡಿಯವರೆಲ್ಲರ ಜಾಣತನ ಅದು, ಬಣ್ಣದ ಮೇಲೆ ಬೋಲ್ಟ್ ಬಿಗಿದರೆ ಕರೆಂಟಿಗೆ ಕಬ್ಬಿಣ ಸಿಗುವುದು ಹೇಗೆ, ಮಾಡಿದ್ದುಣ್ಣೋ ಮಹರಾಯ, ಬ್ಲೇಡಿನಿಂದ ಕೆರೆದ, ಪುಡಿ ಕಣ್ಣಿಗೆ, ಬಾಯಿಗೆ, ಪಕ್ಕದಲ್ಲಿ ಅವ್ವನ ಪಾದ ಬಂದು ನಿಂತವು, ನನ್ನ ಸಲುವಾಗಿ ಎಷ್ಟ್ ಒದ್ದಾಡ್ತೀಯೋ ಮಗನ, ಅಂದು ಒಳಗೆ ಹೋದವು, ಕಬ್ಬಿಣ ಬೆಳ್ಳಗೆ ಹೊಳೆಯಿತು, ಬೋಲ್ಟ್ ಬಿಗಿದ, ಓಡಿ ಹೋಗಿ ಕೂತ — ಬಂತು, ಬಂತಲೇ, ಅಂಗಳ ಬಂತು, ಕಲ್ಲು ಚಪ್ಪಡಿ, ಬಾಗಿಲು, ಬಾಗಿಲಲ್ಲಿ ಗಂಟು, ಅಲ್ಲ, ಗಂಟು ಎಲ್ಲಿ, ಬಿಚ್ಚಿದೆ, ಸೀರೆ, ಕಂಬಳಿ ಹೊಸ್ತಿಲ ಮೇಲೆ ಹರಡಿ ಬಿದ್ದಿವೆ, ಏನು ಹುಡುಕಿದಳು, ಅವ್ವ ಇತ್ತಲೇ ಬರುತ್ತಿದ್ದಾಳೆ, ಕೈಯಲ್ಲಿ ವಿಭೂತಿ ಗಟ್ಟಿ, ನೀರಿನ ತಂಬಿಗೆ, ಹೊಸ ಕಣ್ಣಿಗೆ ಪೂಜಿ ಬ್ಯಾಡೇನು, ನಾಳಿಂದ ನನ್ನ ಕಾಯೋದು ಅದಾ ಅಲ್ಲೇನು, ಅವ್ವಾ, ಅದಕ್ಕ ಹಚ್ಚಬ್ಯಾಡಬೇ, ಎಂದು ಕೂಗಿದರೆ ಕೇಳಬೇಕಲ್ಲ, ಅಥವಾ ಕೂಗಲೇ ಇಲ್ಲವೋ, ಅವಳ ಮುಖ ಪರದೆ ತುಂಬಿತು, ನಗುತ್ತಿದೆ, ಬೆರಳು ಮೇಲೆದ್ದವು, ಬಿಳಿ, ಒದ್ದೆ, ದೊಡ್ಡದಾಗುತ್ತ, ಹತ್ತಿರವಾಗುತ್ತ, ತಿಪ್ಪೇಶ ತನಗೆ ಗೊತ್ತಿಲ್ಲದೆಯೇ ಪರದೆಯತ್ತ ಹಣೆ ಒಡ್ಡಿದ — ಮೂರು ಬೆರಳು