ಆಗಿರದ ಮದುವೆ

ಡೈವೋರ್ಸ್ ಸಿಕ್ಕಿದ ದಿನ ವೆನಿಸ್ಸಾಳಿಗೆ ಏನೂ ಅನ್ನಿಸಿರಲಿಲ್ಲ. ಡಬ್ಲಿನ್ನಿನ ಕೋರ್ಟಿನಲ್ಲಿ ನ್ಯಾಯಾಧೀಶೆ ಒಂದೆರಡು ಪ್ರಶ್ನೆ ಕೇಳಿ, ತಲೆಯಾಡಿಸಿ, ಮುಂದಿನವರನ್ನು ಕರೆದಳು. ಹೊರಗೆ ಬಂದ ಮೇಲೆ ರೋಯ್ಸ್ಟನ್ "ಕಾಫಿ ಕುಡಿಯೋಣ್ವಾ?" ಎಂದ. ಕುಡಿದರು. ಅವನು ಕಾರ್ಕಿನ ರೈಲಿಗೆ ಹೋದ, ಇವಳು ಸ್ವೋರ್ಡ್ಸ್‌ನ ಮನೆಗೆ ಬಸ್ಸು ಹತ್ತಿದಳು. ಅಳು ಬರಬಹುದೆಂದು ಮರುದಿನ ರಜೆ ಹಾಕಿಟ್ಟಿದ್ದಳು. ಬರಲಿಲ್ಲ. ರಜೆ ದಂಡವಾಯಿತಲ್ಲ ಎಂದು ಮಧ್ಯಾಹ್ನ ಕಿಟಕಿ ಪರದೆಗಳನ್ನೆಲ್ಲ ಒಗೆದು ಹಾಕಿದಳು.

ಹನ್ನೊಂದು ವರ್ಷದ ಸಂಸಾರ ಅದು. ಅವಳು ಕಿನ್ನಿಗೋಳಿಯವಳು, ಅವನು ಭದ್ರಾವತಿಯವನು. ಅವನಿಗೆ ಕೊಂಕಣಿ ಅಷ್ಟಕ್ಕಷ್ಟೇ ಆದ್ದರಿಂದ ಇಬ್ಬರ ಮಾತುಕತೆ, ಜಗಳ, ರಾಜಿ ಎಲ್ಲ ಕನ್ನಡದಲ್ಲೇ ನಡೆದಿತ್ತು. ಜಗಳವೂ ಹೇಳಿಕೊಳ್ಳುವಂಥದ್ದಲ್ಲ. ಮೊದಲು ಅವನಿಗೆ ವಿಮಾನ ನಿಲ್ದಾಣದ ಕಾರ್ಗೋ ಆಫೀಸಿನಲ್ಲಿ ಕೆಲಸವಿತ್ತು, ಅದಕ್ಕೇ ಸ್ವೋರ್ಡ್ಸ್‌ನಲ್ಲಿ ಮನೆ ಹಿಡಿದಿದ್ದರು. ಆಮೇಲೆ ಕಾರ್ಕ್ ಊರಿನ ಹತ್ತಿರ ರಿಂಗಾಸ್ಕಿಡಿಯ ಔಷಧಿ ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ಬರುತ್ತಿದ್ದವನು ಎರಡು ವಾರಕ್ಕೊಮ್ಮೆ ಬಂದ, ತಿಂಗಳಿಗೊಮ್ಮೆ ಬಂದ, ಕೊನೆಗೆ ಬಂದಾಗಲೂ ಸೋಫಾದ ತುದಿಯಲ್ಲಿ ನೆಂಟನ ಹಾಗೆ ಕೂರತೊಡಗಿದ. ಅಲ್ಲಿ ಶೆರಿನ್ ಎಂಬ ನರ್ಸ್ ಪರಿಚಯವಾಗಿದ್ದಾಳೆಂದು ಅವನೇ ಹೇಳಿದ. ವೆನಿಸ್ಸಾ ಕೂಗಾಡಲಿಲ್ಲ. ಕೂಗಾಡಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದಳು, ಆದರೆ ಯೋಚಿಸಿದ್ದರಿಂದ ಕೂಗು ಬರುವುದಿಲ್ಲ.

ಡೈವೋರ್ಸ್ ಆಗಿ ಕೆಲವು ತಿಂಗಳಿಗೆ ಅವನ ಫೋನು ಬಂತು.

"ವೆನ್, ಒಂದು ಹೆಲ್ಪ್ ಬೇಕಿತ್ತು."

"ಹೇಳು."

"ಶೆರಿನ್ ಮನೆಯೋರು ಚರ್ಚಲ್ಲೇ ಮದ್ವೆ ಆಗ್ಬೇಕು ಅಂತಿದಾರೆ. ಚರ್ಚಿಗೆ ಈ ಡೈವೋರ್ಸ್ ಎಲ್ಲ ಲೆಕ್ಕಕ್ಕಿಲ್ಲ ಅಲ್ವಾ? ನಮ್ಮದು ಮದ್ವೆನೇ ಆಗಿರ್ಲಿಲ್ಲ ಅಂತ ಚರ್ಚಿನ ಟ್ರಿಬ್ಯುನಲ್ ಹೇಳ್ಬೇಕು. ಅರ್ಜಿ ಹಾಕಿದೀನಿ. ನಿನ್ನನ್ನೂ ಕರೀತಾರೆ."

"ಏನ್ ಹೇಳ್ಬೇಕು ನಾನು?"

"ಮನೇಲಿ ಬಲವಂತ ಮಾಡಿದ್ರು, ನಿಂಗೆ ಪೂರ್ತಿ ಒಪ್ಗೆ ಇರ್ಲಿಲ್ಲ... ಹಂಗೇನಾದ್ರೂ. ಹಂಗಂದ್ರೆ ಬೇಗ ಆಗುತ್ತಂತೆ."

"ಆಯ್ತು."

"ಬೇಜಾರಿಲ್ವಾ?"

"ಇಲ್ಲ. ಗ್ರಾಂಡ್."

ಪರವಾಗಿಲ್ಲ ಎನ್ನಲು ಡಬ್ಲಿನ್ನಿನವರು ಆಡುವ ಮಾತು ಅದು, ಅವಳು ವ್ಯಂಗ್ಯಕ್ಕೆ ಹೇಳಿರಲಿಲ್ಲ. ಆಗಿರಲಿಲ್ಲ ಎಂದರೆ ಆಗಿರಲಿಲ್ಲ. ಅದರಿಂದ ಅವಳಿಗೇನೂ ಹೆಚ್ಚುಕಡಿಮೆ ಕಾಣಲಿಲ್ಲ.

ಅವಳ ಕೆಲಸ ಡಬ್ಲಿನ್ನಿನ ಇನ್ನೊಂದು ತುದಿಯ ಲೆಪರ್ಡ್ಸ್‌ಟೌನ್‌ನ ಒಂದು ಕಂಪನಿಯಲ್ಲಿ. ಅಮೆರಿಕದ ಊರುಗಳ, ರಾಜ್ಯಗಳ ಸರ್ಕಾರಿ ಸಭೆಗಳ ವಿಡಿಯೋ ಅಲ್ಲಿಗೆ ಬರುತ್ತಿದ್ದವು. ಮಾತು ಕೇಳಿ ಅಕ್ಷರಕ್ಕಿಳಿಸುವುದು ಯಂತ್ರದ ಕೆಲಸ, ಅದು ತಪ್ಪು ಕೇಳಿಸಿಕೊಂಡಿದ್ದನ್ನು ತಿದ್ದುವುದು ಇವಳ ಕೆಲಸ. ಚರಂಡಿ, ನಾಯಿ ಪಾರ್ಕು, ಶಾಲಾ ಬಸ್ಸು ಎಂದು ನಡೆಯುತ್ತಿದ್ದ ಸಭೆಗಳ ನಡುವೆ ಆ ವರ್ಷ ಇನ್ನೊಂದು ವಿಷಯ ಮತ್ತೆಮತ್ತೆ ಬರತೊಡಗಿತು. ಒಂದಾದ ಮೇಲೊಂದು ರಾಜ್ಯದಲ್ಲಿ ಷರಿಯಾ, ಸಂವಿಧಾನ, ನಮ್ಮ ಮೌಲ್ಯ, ಅವರ ಕಾನೂನು ಎಂದು ಗಂಟೆಗಟ್ಟಲೆ ವಾದ. ಯಂತ್ರ ಮೊದಮೊದಲು ಷರಿಯಾ ಎಂಬುದನ್ನು ಶೆರಿಲ್ ಎಂದು ಬರೆಯುತ್ತಿತ್ತು. ಶೆರಿಲ್ ಎಂಬ ಯಾವಳೋ ಹೆಂಗಸು ಅಮೆರಿಕವನ್ನೇ ನುಂಗಲು ಹೊರಟಿದ್ದಾಳೆಂದು ಓದಿ ಪಕ್ಕದ ಮೇಜಿನ ಐಶು ಹೊಟ್ಟೆ ಹಿಡಿದು ನಕ್ಕಿದ್ದಳು. ಮಂಡ್ಯದ ಹುಡುಗಿ, ಎಂಎಸ್ಸಿ ಓದಲು ಬಂದು ಇಲ್ಲೇ ಕೆಲಸಕ್ಕೆ ಸೇರಿದವಳು.

ದಕ್ಷಿಣದ ಒಂದು ರಾಜ್ಯದ ಸಮಿತಿ ಸಭೆ ವೆನಿಸ್ಸಾಳ ಪಾಲಿಗೆ ಬಂದದ್ದು ಟ್ರಿಬ್ಯುನಲ್ಲಿಗೆ ಹೋಗುವ ಹಿಂದಿನ ದಿನ. ಧಾರ್ಮಿಕ ಮಂಡಳಿಗಳು ಮದುವೆ, ಆಸ್ತಿಯ ತಕರಾರು ತೀರ್ಮಾನಿಸುವುದನ್ನು ನಿಷೇಧಿಸುವ ಮಸೂದೆ. ತಂದವನು ಕನ್ನಡಕವನ್ನು ಕುತ್ತಿಗೆಗೆ ನೇತುಹಾಕಿಕೊಂಡ ಮುದುಕ. "ಈ ದೇಶಕ್ಕೆ ಸಂವಿಧಾನ ಒಂದೇ. ಮುಚ್ಚಿದ ಕೋಣೆಯಲ್ಲಿ ನಾಲ್ಕು ಗಂಡಸರು ಕೂತು ಒಬ್ಬ ಹೆಂಗಸಿನ ಹಣೆಬರಹ ಬರೆಯುವುದನ್ನು ನಾನು ಒಪ್ಪಲಾರೆ" ಎಂದ. ಅವನ ಪರವಾಗಿ ಬಂದ ಒಬ್ಬಳು, ಹೊಡೆಯುವ ಗಂಡನ ಜೊತೆಗೇ ಹೊಂದಿಕೊಂಡು ಹೋಗು ಎಂದು ತನ್ನ ತಂಗಿಗೆ ಮಸೀದಿಯವರು ಹೇಳಿದ್ದನ್ನು ಹೇಳುತ್ತ ಮಾತು ನಿಲ್ಲಿಸಿ ನೀರು ಕುಡಿದಳು. ವಿರೋಧಕ್ಕೆ ಬಂದ ವಕೀಲ, ಆ ಮಂಡಳಿಗಳ ಮಾತನ್ನು ಕೋರ್ಟು ಯಾವಾಗ ಬೇಕಾದರೂ ತಳ್ಳಿಹಾಕಬಹುದು, ಹೀಗಿರುವಾಗ ಈ ಮಸೂದೆ ಒಂದೇ ಧರ್ಮದವರನ್ನು ಬೆರಳು ಮಾಡಿ ತೋರಿಸುವುದಕ್ಕಷ್ಟೇ ಬಂದಿದೆ ಎಂದ. ಅದೇ ಸಂವಿಧಾನವೇ ನಂಬುವ ಹಕ್ಕನ್ನೂ ಕೊಟ್ಟಿದೆ ಎಂದ. ಎರಡೂ ವೆನಿಸ್ಸಾಳಿಗೆ ಸರಿಯಾಗಿಯೇ ಕೇಳಿಸಿತು. ಅಲ್ಪವಿರಾಮ ಹಾಕುತ್ತ ಹೋದಳು.

ನಡುವೆ ಸಮಿತಿಯ ಕಿರಿಯ ಸದಸ್ಯನೊಬ್ಬ ಕೇಳಿದ: "ಇದು ಕ್ಯಾಥೊಲಿಕರ ಮದುವೆ ಟ್ರಿಬ್ಯುನಲ್ಲಿಗೂ ಅನ್ವಯಿಸುತ್ತದೆಯೇ?"

"ಇಲ್ಲಪ್ಪ, ಅದು ಬೇರೆ," ಎಂದ ಮುದುಕ. ಸಭೆ ನಕ್ಕಿತು. ಸಭೆ ನಕ್ಕರೆ 'ನಗು' ಎಂದು ಆವರಣದಲ್ಲಿ ಹಾಕಬೇಕೆಂಬುದು ಕಂಪನಿಯ ನಿಯಮ. ಹಾಕಿದಳು.

ಐಶು ಕುರ್ಚಿ ಎಳೆದುಕೊಂಡು ಬಂದಳು. "ಅಕ್ಕಾ, ನಿಮ್ ಚರ್ಚಲ್ಲೂ ಕೋರ್ಟ್ ಐತಾ?"

"ಇದೆ. ನಾಳೆ ಹೋಗ್ತಿದೀನಲ್ಲ."

"ಅಲ್ಲೇನ್ ಮಾಡ್ತಾರೆ?"

"ಮದ್ವೆ ಆಗಿತ್ತೋ ಇಲ್ವೋ ಅಂತ ನೋಡ್ತಾರೆ."

"ಆಗಿತ್ತಲ್ಲ! ಫೋಟೋ ತೋರ್ಸಿದ್ರಲ್ಲ ನೀವು, ಅಷ್ಟುದ್ದ ಬಿಳಿ ಗೌನು!"

"ಅದು ಫೋಟೋ ಐಶು. ಇದು ಚರ್ಚಿನ ಕಾನೂನು, ಕ್ಯಾನನ್ ಲಾ."

ಐಶುವಿಗೆ ಅದು ತಮಾಷೆಯಾಗಿ ಕೇಳಿಸಿರಬೇಕು, ನಗುತ್ತ ಎದ್ದು ಹೋದಳು. ವೆನಿಸ್ಸಾ ಮತ್ತೆ ಹೆಡ್‌ಫೋನ್ ಹಾಕಿಕೊಂಡಳು.

ಆಮೇಲೆ ಬಂದವಳು ಸಬೀಹಾ ಎಂಬ ಫಾರ್ಮಸಿಸ್ಟ್. ತಲೆಗೆ ಬೂದು ಬಣ್ಣದ ಸ್ಕಾರ್ಫು. ಮೈಕನ್ನು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡು ಮಾತು ಶುರು ಮಾಡಿದಳು.

"ನಿಮ್ಮ ಕೋರ್ಟು ನನಗೆ ಡೈವೋರ್ಸ್ ಕೊಟ್ಟಿತು. ಆಮೇಲೆ ನಾನು ಮಸೀದಿಯ ಮಂಡಳಿಗೂ ಹೋದೆ. ಅವರು ನನ್ನನ್ನು ಬಹಳ ಕಾಯಿಸಿದರು. ಆ ಸಿಟ್ಟು ಇನ್ನೂ ಇದೆ, ಅದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಆದರೂ ಹೋದೆ. ದೇವರ ಮುಂದೆ ಮದುವೆಯಾದವಳು ನಾನು, ಮುಗಿಯುವುದೂ ಅವನ ಮುಂದೆಯೇ ಮುಗಿಯಲಿ ಎಂದು ನನಗೆ ಇತ್ತು. ಬೆಳಗಿನಿಂದ ಇಲ್ಲಿ ಕೂತಿದ್ದೇನೆ. ಎರಡೂ ಕಡೆಯವರು ನನ್ನ ಬಗ್ಗೆಯೇ ಮಾತಾಡಿದಿರಿ. ಒಬ್ಬರು ನಾನು ಸೆರೆಯಲ್ಲಿದ್ದೇನೆ ಅಂದಿರಿ, ಒಬ್ಬರು ನನಗೇನೂ ತೊಂದರೆಯಿಲ್ಲ ಅಂದಿರಿ. ಯಾರಾದರೂ ನನ್ನನ್ನೇ ಏನಾದರೂ ಕೇಳಿ."

ಅಧ್ಯಕ್ಷ ಸದಸ್ಯರ ಕಡೆ ತಿರುಗಿ, ಪ್ರಶ್ನೆಗಳಿವೆಯೇ ಎಂದ. ಒಬ್ಬಳು ಫೋನು ನೋಡುತ್ತಿದ್ದಳು. ಮುದುಕ ಕನ್ನಡಕ ಒರೆಸಿಕೊಂಡ. ಯಾರೂ ಏನೂ ಕೇಳಲಿಲ್ಲ. ಸಬೀಹಾ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಬ್ಯಾಗು ಎತ್ತಿಕೊಂಡು ಹೋದಳು. ಮುಂದಿನ ಹೆಸರು ಕರೆದರು.

ವೆನಿಸ್ಸಾ ಅದನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದಳು. ತಿದ್ದಲು ಏನೂ ಇರಲಿಲ್ಲ, ಯಂತ್ರ ಎಲ್ಲವನ್ನೂ ಸರಿಯಾಗಿಯೇ ಬರೆದಿತ್ತು. ಮತ್ತೊಮ್ಮೆ ನೋಡಿದಳು. ಎದೆಯಲ್ಲಿ ಏನಾದರೂ ಆಯಿತೇ ಎಂದರೆ ಇಲ್ಲ. ಫೈಲು ಕಳಿಸಿ ಟ್ರಾಮ್ ಹಿಡಿದು ಮನೆಗೆ ಹೊರಟಳು.

ಮರುದಿನ ಟ್ರಿಬ್ಯುನಲ್ ಆಫೀಸಿನಲ್ಲಿ ಅವಳನ್ನು ಕೂರಿಸಿದ್ದು ರೇಡಿಯೇಟರ್ ವಿಪರೀತ ಕಾಯಿಸಿದ್ದ ಒಂದು ಸಣ್ಣ ಕೋಣೆಯಲ್ಲಿ. ಪಾದ್ರಿಗಳು ಇರುತ್ತಾರೆಂದುಕೊಂಡಿದ್ದಳು. ಇದ್ದದ್ದು ಬ್ರೀಡ್ ಎಂಬ ವಯಸ್ಸಾದ ಹೆಂಗಸು, ಕಾರ್ಡಿಗನ್ ತೋಳು ಮಡಚಿ ಟೈಪು ಮಾಡಲು ಕೂತಿದ್ದಳು. ಬೈಬಲ್ ಮೇಲೆ ಕೈಯಿಡಿಸಿ ಪ್ರಮಾಣ ಮಾಡಿಸಿದಳು. ಬಿಸ್ಕತ್ತು ಬೇಕಾ ಎಂದು ಕೇಳಿದಳು. ಆಮೇಲೆ ಪ್ರಶ್ನೆ ಶುರುವಾಯಿತು. ಪರಿಚಯ ಹೇಗೆ, ಮಾತುಕತೆ ಯಾರು ನಡೆಸಿದರು, ಮದುವೆಗೆ ಮುಂಚೆ ಎಷ್ಟು ಸಲ ಭೇಟಿಯಾದಿರಿ.

"ಯಾರಾದರೂ ನಿಮ್ಮನ್ನು ಬಲವಂತ ಮಾಡಿದರೇ?"

ರೋಯ್ಸ್ಟನ್ ಹೇಳಿಕೊಟ್ಟ ಉತ್ತರ ಬಾಯಲ್ಲಿ ಸಿದ್ಧವಾಗಿತ್ತು. ಅದು ಹೊರಗೆ ಬರಲೆಂದು ಅವಳೂ ಕಾದಳು. ಬ್ರೀಡ್ ಆತುರಪಡಲಿಲ್ಲ, ಕೈಗಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಇವಳನ್ನೇ ನೋಡುತ್ತ ಕೂತಳು. ಈ ಎರಡು ಮೂರು ವರ್ಷಗಳಲ್ಲಿ ಯಾರಾದರೂ ತನಗೆ ಪ್ರಶ್ನೆ ಕೇಳಿ ಉತ್ತರಕ್ಕೆ ಹೀಗೆ ಕಾದದ್ದುಂಟೇ ಎಂದು ವೆನಿಸ್ಸಾಳಿಗೆ ನೆನಪಾಗಲಿಲ್ಲ.

"ಇಲ್ಲ," ಎಂದಳು.

ಮತ್ತೆ ಉಳಿದದ್ದು ತಾನಾಗಿ ಬಂತು. ಹುಡುಗಿ ನೋಡಲು ಬಂದಾಗ ರೋಯ್ಸ್ಟನ್ ಇವಳ ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಊರಿಗೆ ಹಿಂದಿರುಗುವ ಬಸ್ಸಿನಿಂದ ಫೋನು ಮಾಡಿದ್ದ. ನಿಂಗೆ ಇಷ್ಟ ಇಲ್ದಿದ್ರೆ ನಾನೇ ಬೇಡ ಅಂತ ಹೇಳ್ತೀನಿ, ಮಾತು ನಿನ್ನ ಮೇಲೆ ಬರೋದು ಬೇಡ ಅಂದಿದ್ದ. ಘಾಟಿಯಲ್ಲಿ ಸಿಗ್ನಲ್ ಹೋಗಿ ಮೂರು ಸಲ ಕಟ್ಟಾಗಿತ್ತು, ಮೂರು ಸಲವೂ ಅವನೇ ಮತ್ತೆ ಮಾಡಿದ್ದ. ಆವತ್ತೇ ಅವಳು ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದಳು. ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ತಲೆಗೆ ಸುರಿದ ತೆಂಗಿನ ಹಾಲಿನ ಜಿಡ್ಡು ಎಷ್ಟು ತೊಳೆದರೂ ಹೋಗದೆ, ಬಲಿಪೀಠದ ಮುಂದೆ ನಿಂತಾಗಲೂ ಕಿವಿಯ ಹಿಂದೆ ಅಂಟುತ್ತಿತ್ತು. ಅದರ ನಡುವೆಯೂ, ತಾನು ಏನು ಹೇಳುತ್ತಿದ್ದೇನೆಂದು ತಿಳಿದೇ 'ಒಪ್ಪಿಗೆ' ಎಂದಿದ್ದಳು.

"ಆಮೇಲೆ ಆಮೇಲೆ ಅದು ಕೆಟ್ಟಿತು," ಎಂದಳು ವೆನಿಸ್ಸಾ. "ಆದರೆ ಅವತ್ತು ಅದು ಮದುವೆಯೇ."

ಬ್ರೀಡ್ ಟೈಪು ಮಾಡಿದ್ದನ್ನು ಓದಿ ಹೇಳಿದಳು. ವೆನಿಸ್ಸಾ ಸಹಿ ಹಾಕಿದಳು. ಹೊರಗೆ ಬಂದಾಗ ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಬಸ್ಸು ತಡವಾಗಿತ್ತು.

ತೀರ್ಪಿಗೆ ಮೊದಲು ಇಬ್ಬರೂ ಹೇಳಿಕೆಗಳನ್ನು ಓದಬಹುದು. ರೋಯ್ಸ್ಟನ್ ಓದಿದ ಸಂಜೆ ಫೋನು ಮಾಡಿದ.

"ಯಾಕ್ ಹಿಂಗ್ ಹೇಳ್ದೆ ವೆನ್? ಬೇಕಂತ್ಲೇ ಹೇಳಿದ್ಯಾ?"

"ಇಲ್ಲ. ಕೇಳಿದ್ರು, ಹೇಳ್ದೆ."

"ಶೆರಿನ್ ಮನೇಲಿ ಏನ್ ಹೇಳ್ಲಿ ನಾನು? ಹಾಲ್ ಬುಕ್ ಆಗಿದೆ ಕುಂದಾಪುರದಲ್ಲಿ."

ಆಮೇಲೆ ಅವನೇ ದನಿ ತಗ್ಗಿಸಿ, "ಆ ಬಸ್ಸಿಂದ ಫೋನ್ ಮಾಡಿದ್ದು ನಂಗೆ ಮರ್ತೇ ಹೋಗಿತ್ತು," ಎಂದ.

"ಹೂಂ."

"ನಿಜವಾಗ್ಲೂ ಮೂರು ಸಲ ಮಾಡಿದ್ನಾ?"

"ಮಾಡಿದ್ದೆ."

ಅವನು ಫೋನಿಟ್ಟ.

ತೀರ್ಪು ಬಂತು. ಟ್ರಿಬ್ಯುನಲ್ ವೆನಿಸ್ಸಾಳ ಮಾತನ್ನು ಪೂರ್ತಿ ನಂಬಿತ್ತು. ಅವಳ ಒಪ್ಪಿಗೆಯಲ್ಲಿ ಕೊರತೆಯಿರಲಿಲ್ಲ ಎಂದು ಹೇಳಿತ್ತು. ಆದರೆ ರೋಯ್ಸ್ಟನ್‌ಗೆ ಆಗ ಜೀವನಪೂರ್ತಿಯ ಹೊಣೆ ಹೊರುವ ಪ್ರೌಢತೆ ಇರಲಿಲ್ಲವೆಂದು ಅವನೂ ಅವನ ಅಣ್ಣನೂ ಕೊಟ್ಟ ಸಾಕ್ಷ್ಯವನ್ನೂ ನಂಬಿತ್ತು. ಇಬ್ಬರಲ್ಲಿ ಒಬ್ಬರ ಒಪ್ಪಿಗೆ ಅರೆಯಾಗಿದ್ದರೂ ಚರ್ಚಿನ ಲೆಕ್ಕದಲ್ಲಿ ಮದುವೆ ನಿಲ್ಲುವುದಿಲ್ಲ. ಮದುವೆ ಆಗಿರಲೇ ಇಲ್ಲ. ಅಪೀಲು ಮಾಡುವ ಹಕ್ಕಿದೆ ಎಂದು ತಿಳಿಸಿದ್ದರು. ಅವಳು ಮಾಡಲಿಲ್ಲ. ಹೇಳುವುದನ್ನು ಹೇಳಿಯಾಗಿತ್ತು.

ಆ ರಾಜ್ಯದ ಮಸೂದೆಯೂ ಪಾಸಾಯಿತು, ಅದರ ಮೇಲೆ ಯಾರೋ ಕೋರ್ಟಿಗೂ ಹೋದರು ಎಂದು ಐಶು ಹೇಳಿದಳು. ವೆನಿಸ್ಸಾ "ಹೌದಾ" ಎಂದಳು.

ತೀರ್ಪಿನ ಸುದ್ದಿ ಊರಿಗೆ ಮುಟ್ಟಿದ ವಾರವೇ ಕಿನ್ನಿಗೋಳಿಯಿಂದ ಅಮ್ಮ ವಿಡಿಯೋ ಕಾಲ್ ಮಾಡಿದಳು. ಮುಖದಲ್ಲಿ ಹೊಸ ಕಳೆ ಇತ್ತು. ಕೊಂಕಣಿಯಲ್ಲಿ ಒಂದೇ ಉಸಿರಿಗೆ ಹೇಳಿದಳು: "ಈಗ ನೀನೂ ಫ್ರೀ ಆದೆ ನೋಡು. ಮ್ಯಾಟ್ರಿಮೊನಿಯಲ್ಲಿ ಹಾಕಿಸುತ್ತೇನೆ. ಅವಿವಾಹಿತೆ ಅಂತಲೇ ಹಾಕಬಹುದಂತೆ, ನಿನ್ನ ಚಿಕ್ಕಪ್ಪ ಹೇಳಿದರು."

"ಹಾಗೆ ಹಾಕಬೇಡಮ್ಮ."

"ಯಾಕೆ? ಮದುವೆ ಆಗಿರಲಿಲ್ಲ ಅಂತ ಚರ್ಚೇ ಹೇಳಿದೆಯಲ್ಲ!"

"ಅವರು ಅವರ ಕಾನೂನಿನ ಪ್ರಕಾರ ಹೇಳಿದ್ದಾರೆ, ಅದು ಸರಿ. ನನ್ನನ್ನು ಕೇಳಿದರೆ ಆಗಿತ್ತು. ಹಾಕುವುದಾದರೆ ವಿಚ್ಛೇದಿತೆ ಅಂತ ಹಾಕು."

ತನ್ನ ದನಿ ಸ್ವಲ್ಪ ಏರಿದ್ದು ಅವಳಿಗೇ ಕೇಳಿಸಿತು. ಅಮ್ಮ, ನಿನ್ನ ಇಷ್ಟ ಎಂದು ಗೊಣಗುತ್ತ ಕಾಲ್ ಮುಗಿಸಿದಳು. ಆದರೂ ಹೇಳಿದಂತೆಯೇ ಹಾಕಿಸಿದಳು. ಶಂಕರಪುರದ ಒಬ್ಬ ವಿಧುರನ ಕಡೆಯಿಂದ ವಿಚಾರಣೆ ಬಂದಿದೆಯಂತೆ, ಮಸ್ಕತ್ತಿನಲ್ಲಿರುವ ಇನ್ನೊಬ್ಬನ ಕಡೆಯಿಂದಲೂ. ವೆನಿಸ್ಸಾ ಇನ್ನೂ ಯಾರಿಗೂ ಉತ್ತರ ಕೊಟ್ಟಿಲ್ಲ.